ಕಾರವಾರ, ಗೋಕರ್ಣ, ಶಿರಸಿ ಪ್ರವಾಸದಲ್ಲಿ ಫಿಟ್‌ನೆಸ್ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಒಂದು ವಾರ ಈ ಕಡೆ ಬರುತ್ತೀರಿ, ಬೆಂಗಳೂರಿನಲ್ಲಿ ದಿನಾ ಜಿಮ್‌ಗೆ ಹೋಗುವ ರೂಢಿ ಇದೆ, ಅದು ತಪ್ಪಬಾರದು, ಡಂಬೆಲ್ಸ್ ಕಾರಿನಲ್ಲಿ ಹಾಕಿಕೊಂಡು ಬರಲೇ ಎಂದು ಕೇಳಿದ್ದೀರಿ.

ಡಂಬೆಲ್ಸ್ ಮನೆಯಲ್ಲೇ ಇರಲಿ. ದಿನಾ ಭಾರ ಎತ್ತುವವರು ಒಂದು ವಾರ ಬಿಟ್ಟರೆ ಸ್ನಾಯು ಕರಗಿ ಹೋಗುವುದಿಲ್ಲ. ಎರಡು ವಾರ ಬಿಟ್ಟರೂ ಶಕ್ತಿ ಹೆಚ್ಚೇನೂ ಇಳಿಯುವುದಿಲ್ಲ. ಅದಕ್ಕಿಂತ ಮೊದಲು ಇಳಿಯುವುದು ದಮ್ಮು, ಅದೂ ಸುಮ್ನೆ ಕೂತುಬಿಟ್ಟರೆ. ಹಾಗಾಗಿ ಈ ವಾರ ದಮ್ಮು ಮತ್ತು ಕಾಲಿನ ಕಡೆ ಗಮನ ಕೊಟ್ಟರೆ ಸಾಕು.

ನಾನು ಕಾರವಾರದವನು, ಹೆಂಡತಿಯ ತವರು ಶಿರಸಿ ಕಡೆ. ಎರಡೂ ಕಡೆ ಬರುವ ನೆಂಟರನ್ನು ನೋಡುತ್ತಿರುತ್ತೇನೆ. ನನ್ನ ಪ್ರಕಾರ ಇಲ್ಲಿಗೆ ಬರುವವರ ಮೈ ಕೆಡಿಸುವುದು ಊಟಕ್ಕಿಂತ ಜಾಸ್ತಿ ಕಾರು. ಬೆಳಿಗ್ಗೆ ಮುರ್ಡೇಶ್ವರ, ಮಧ್ಯಾಹ್ನ ಗೋಕರ್ಣ, ಸಂಜೆಯೊಳಗೆ ಯಾಣ ಅಂತ ಪಟ್ಟಿ ಹಿಡಿದು ಬರುತ್ತಾರೆ. ಇಪ್ಪತ್ತು ನಿಮಿಷ ಇಳಿಯುವುದು, ಫೋಟೊ ತೆಗೆಯುವುದು, ಮತ್ತೆ ಕಾರು. ದಿನದ ಕೊನೆಗೆ ಸೊಂಟ ಹಿಡಿದಿರುತ್ತದೆ, ಬೆವರು ಮಾತ್ರ ಬಂದಿರುವುದಿಲ್ಲ. ಘಟ್ಟದ ಕೆಳಗೆ ಒಂದು ಕಡೆ, ಘಟ್ಟದ ಮೇಲೆ ಒಂದು ಕಡೆ, ಎರಡೇ ಕಡೆ ಉಳಿದುಕೊಳ್ಳಿ. ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ.

ಕಾರವಾರದಲ್ಲಿ ಬೆಳಗಿನ ಹೊತ್ತು ಸಮುದ್ರದ ದಂಡೆಗೆ ಇಡಿ. ನಮ್ಮ ಸಮುದ್ರ ಪಡುವಣಕ್ಕೆ, ಸೂರ್ಯ ಬೆನ್ನ ಹಿಂದೆ ಗುಡ್ಡದಾಚೆಯಿಂದ ಬರಬೇಕು. ಹಾಗಾಗಿ ಬಿಸಿಲು ತಟ್ಟುವ ಮೊದಲು ಸಾಕಷ್ಟು ಸಮಯ ಸಿಗುತ್ತದೆ. ಒಣ ಮರಳಿನಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶ್ರಮ. ಮೊದಲ ದಿನವೇ ಅಲ್ಲಿ ಓಡಲು ಹೋದರೆ ಮರುದಿನ ಮೀನಖಂಡ ಮಾತನಾಡಿಸುತ್ತದೆ. ಇಳಿತದ ಹೊತ್ತಿಗೆ ಹೋಗಿ, ನೀರು ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಓಟ ಅಲ್ಲಿ ಮಾಡಿ, ಒಣ ಮರಳಿನಲ್ಲಿ ಹತ್ತು ನಿಮಿಷ ನಡೆದರೆ ಸಾಕು. ದಂಡೆ ಸಮುದ್ರದ ಕಡೆ ಇಳಿಜಾರು ಇರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಅಮಾಸೆ-ಹುಣ್ಣಿಮೆ ಹತ್ತಿರ ನೀರು ಇನ್ನೂ ದೂರ ಸರಿದು ದಂಡೆ ಅಗಲವಾಗುತ್ತದೆ. ಗೊತ್ತಾಗದಿದ್ದರೆ ಅಲ್ಲಿರುವ ಮೀನುಗಾರರನ್ನೇ ಕೇಳಿ, ಗಡಿಯಾರ ನೋಡದೆ ಹೇಳುತ್ತಾರೆ.

ಈ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರು ಇಟ್ಟಿರುವುದು ಸುಮ್ನೆ ಅಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದವರು ಮರಳಿ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಬಂದಾಗ ಇಳಿತ ಇತ್ತಂತೆ. ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು.

ಬೆಳಿಗ್ಗೆ ಏಂಡಿ ಬಲೆ ಎಳೆಯುವವರು ಕಂಡರೆ ನಾವೂ ಕೈ ಜೋಡಿಸಬಹುದಾ ಎಂದು ಕೇಳಿ ನೋಡಿ. ದಂಡೆಯ ಮೇಲೆ ನಿಂತು ಬಲೆಯ ಹಗ್ಗ ಎಳೆಯುವ ಕೆಲಸ ಅದು. ಹಿಮ್ಮಡಿ ಮರಳಲ್ಲಿ ಊರಿ, ಮೈ ಹಿಂದಕ್ಕೆ ಚೆಲ್ಲಿ, ಎಲ್ಲರ ಜೊತೆ ತಾಳಕ್ಕೆ ಎಳೆಯಬೇಕು. ಬೆನ್ನು, ತೋಳು, ತೊಡೆ ಎಲ್ಲಕ್ಕೂ ಕೆಲಸ. ಬೇಡ ಅಂದರೆ ಒತ್ತಾಯ ಮಾಡಬೇಡಿ, ಅವರಿಗೆ ಅದು ಹೊಟ್ಟೆಪಾಡು.

ಈಜು ಬರುತ್ತದೆ ಅಂತ ಆಳಕ್ಕೆ ಮಾತ್ರ ಹೋಗಬೇಡಿ. ಈಜುಕೊಳದ ಈಜು ಬೇರೆ, ಸಮುದ್ರದ ಸೆಳೆತ ಬೇರೆ. ಎಳೆದುಕೊಂಡು ಹೋಗುತ್ತಿದೆ ಅನ್ನಿಸಿದರೆ ದಂಡೆಯ ಕಡೆ ನೇರ ಈಜಿ ಸುಸ್ತಾಗಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡ ಹಿಡಿಯಬೇಕು.

ಸಂಜೆ ಬಿಡುವಿದ್ದರೆ ಕಾಳಿ ಸೇತುವೆ ದಾಟಿ ಸದಾಶಿವಗಡದ ಕೋಟೆ ಗುಡ್ಡ. ಕಾರು ಕೆಳಗೇ ಬಿಟ್ಟು ಹತ್ತಿ.

ಗೋಕರ್ಣದಲ್ಲಿ ಒಂದು ಪೂರ್ತಿ ಬೆಳಿಗ್ಗೆ ಕೊಡಿ. ಊರಿನಿಂದ ಗುಡ್ಡ ದಾಟಿ ಕುಡ್ಲೆ, ಅಲ್ಲಿಂದ ಇನ್ನೊಂದು ಗುಡ್ಡ ಹತ್ತಿ ಓಂ ಬೀಚ್, ಮುಂದೆ ಹಾಫ್ ಮೂನ್, ಪ್ಯಾರಡೈಸ್. ಹತ್ತು, ಇಳಿ, ಮರಳು ತುಳಿ, ಮತ್ತೆ ಹತ್ತು. ಯಾವ ಟ್ರೆಡ್‌ಮಿಲ್ ಈ ಕೆಲಸ ಕೊಡುತ್ತದೆ ಹೇಳಿ? ಅಪ್ಪ-ಅಮ್ಮ ಕಾರಿನಲ್ಲಿ ಓಂ ಬೀಚ್‌ಗೆ ಬರಲಿ, ನೀವು ನಡೆದು ಹೋಗಿ ಸೇರಿಕೊಳ್ಳಿ. ಮುಂದಿನ ಭಾಗಕ್ಕೆ ಒಬ್ಬರೇ ಹೋಗಬೇಡಿ. ಚಪ್ಪಲಿಯೂ ಬೇಡ, ಹಿಡಿತ ಇರುವ ಶೂ ಹಾಕಿ. ವಾಪಸ್ ಬರಲು ದೋಣಿ ಸಿಕ್ಕರೆ ಆಯಿತು, ಇಲ್ಲದಿದ್ದರೆ ಕತ್ತಲಾಗುವ ಮೊದಲು ನಡೆದು ಬರುವಷ್ಟು ಹೊತ್ತು, ನೀರು ಎರಡೂ ಇಟ್ಟುಕೊಂಡಿರಿ.

ಘಟ್ಟದ ಮೇಲಿನ ಲೆಕ್ಕ ಬೇರೆ. ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ತಣ್ಣಗಿರುತ್ತದೆ, ನಡೆದಷ್ಟೂ ನಡೆಯಬೇಕು ಅನ್ನಿಸುತ್ತದೆ. ಸಿದ್ದಾಪುರದ ಕಡೆ ಉಂಚಳ್ಳಿ ಜಲಪಾತ ಇದೆ, ಅಘನಾಶಿನಿ 116 ಮೀಟರ್ ಧುಮುಕುವ ಜಾಗ. ಆ ಸದ್ದಿಗೆ ಕಿವಿ ಕೇಳಿಸುವುದಿಲ್ಲ ಅಂತ ಕೆಪ್ಪ ಜೋಗ ಅಂತಲೂ ಕರೆಯುತ್ತಾರೆ. ಗುಡ್ಡಕ್ಕೆ ಹೋದರೆ ಮೊದಲು ಕಷ್ಟ, ಆಮೇಲೆ ಸುಲಭ. ಜಲಪಾತಕ್ಕೆ ಹೋದರೆ ಉಲ್ಟಾ: ಖುಷಿಯಲ್ಲಿ ಮೆಟ್ಟಿಲು ಇಳಿದುಬಿಡುತ್ತೀರಿ, ಹತ್ತುವಾಗ ದಮ್ಮು ಇರುವುದಿಲ್ಲ. ಇಳಿಯುವಾಗಲೇ ಮಂಡಿಗೆ ಹೊಡೆತ ಜಾಸ್ತಿ. ಮಂಡಿ ನೋವಿರುವ ಹಿರಿಯರನ್ನು ಅಲ್ಲಿ ಇಳಿಸಬೇಡಿ. ಅವರಿಗೆ ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಲಿಂಗ ಕೆತ್ತಿರುವ ಸಹಸ್ರಲಿಂಗ ವಾಸಿ, ಹೊಳೆಯ ಪಕ್ಕ ಕೂತರೂ ಹೊತ್ತು ಹೋಗುತ್ತದೆ.

ರೂಮಿನಲ್ಲಿ ಮಾಡುವ ಕಸರತ್ತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ದಿನ ಬಿಟ್ಟು ಒಂದು ದಿನ, ಸ್ನಾನಕ್ಕೆ ಮೊದಲು ಕಾಲು ಗಂಟೆ ದಂಡ, ಬಸ್ಕಿ. ಭಾರ ಬೇಕೇ ಬೇಕು ಅಂದರೆ ಬೆನ್ನ ಚೀಲದೊಳಗೆ ಐದು ಲೀಟರಿನ ನೀರಿನ ಕ್ಯಾನ್ ಇಡಿ, ಐದು ಕಿಲೋ ಆಯಿತು.

ಊಟದ ವಿಷಯದಲ್ಲಿ ನಾನು ಸ್ವಲ್ಪ ಧಾರಾಳಿ. ಇಲ್ಲಿಗೆ ಬಂದು ಓಟ್ಸ್ ತಿನ್ನುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಬನ್ಸ್ ತಿನ್ನಿ, ಆದರೆ ಅದು ಮೈದಾ ಮತ್ತು ಎಣ್ಣೆ, ದಿನಾ ಬೇಡ. ಮೀನಿನ ಊಟದಲ್ಲಿ ರವಾ ಫ್ರೈ ಎಲ್ಲರೂ ಕೇಳುತ್ತಾರೆ, ಆ ರವೆ ಎಣ್ಣೆ ಹೀರುತ್ತದೆ. ಬಂಗುಡೆ ಸಾರು, ಅನ್ನ ತಿಂದರೆ ಪ್ರೋಟೀನೂ ಸಿಗುತ್ತದೆ, ಹೊಟ್ಟೆಯೂ ಹಗುರ. ಶಿರಸಿ ಕಡೆ ಒಂದೆಲಗದ ತಂಬುಳಿ ಸಿಕ್ಕರೆ ಬಿಡಬೇಡಿ. ಮಾವಿನಕಾಯಿಯ ತೆಳು ಸಾರು ಅಪ್ಪೆಹುಳಿ, ಅದನ್ನು ಲೋಟಗಟ್ಟಲೆ ಕುಡಿದರೆ ಕಣ್ಣು ಎಳೆಯುತ್ತದೆ ಅನ್ನುವುದು ನಮ್ಮ ಮನೆಯವರ ಅನುಭವ, ಗಾಡಿ ಓಡಿಸುವ ದಿನ ಅದು ನೆನಪಿರಲಿ. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಮೊದಲ ಸಲವೇ ಕಡಿಮೆ ಬಡಿಸಿಕೊಳ್ಳಿ. ಬೇಡ ಅಂದರೂ ಎರಡನೇ ಸಲ ಬಡಿಸಿಯೇ ಬಡಿಸುತ್ತಾರೆ.

ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದೂ ನಿಧಾನ. ಬೆಂಗಳೂರಿನ ವೇಗವನ್ನೇ ಇಲ್ಲಿ ಹಿಡಿಯಲು ಹೋಗಬೇಡಿ. ಎಳನೀರು ಅಥವಾ ಉಪ್ಪು ಹಾಕಿದ ಮುರುಗಲು (ಕೋಕಂ) ಪಾನಕ ಕುಡಿಯುತ್ತಿರಿ.

ಕೆಳಗೆ ಎಲ್ಲಿ ಉಳಿಯುತ್ತೀರಿ, ಕಾರವಾರದಲ್ಲೋ ಗೋಕರ್ಣದಲ್ಲೋ, ತಿಳಿಸಿದರೆ ಹತ್ತಿರದಲ್ಲಿ ಬೆಳಿಗ್ಗೆ ನಡೆಯಲು ಯಾವ ದಾರಿ ಒಳ್ಳೆಯದು ಅಂತ ಹೇಳುತ್ತೇನೆ.