ಮಲೆನಾಡಿನ ಮಳೆಯಲ್ಲೂ ಗಾಲ್ಫ್ ಗ್ರೀನ್ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಹೇಗೆ?

ಚೆನ್ನಾಗಿ ಕಟ್ಟಿದ ಗ್ರೀನ್, ಅಂದರೆ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಮಣ್ಣಿನ ಮೇಲಲ್ಲ, ಮರಳಿನ ಮೇಲೆ ಬೆಳೆದಿರುತ್ತದೆ. ತಳದಲ್ಲಿ ತೂತುಗಳಿರುವ ಪೈಪು, ಅದರ ಮೇಲೆ 10 ಸೆಂ.ಮೀ. ಸಣ್ಣ ಜಲ್ಲಿ, ಆಮೇಲೆ 30 ಸೆಂ.ಮೀ. ಮರಳು.

ಸೋಜಿಗವೆಂದರೆ ನೀರು ಮರಳಿನಿಂದ ಜಲ್ಲಿಗೆ ತಕ್ಷಣ ಇಳಿಯುವುದಿಲ್ಲ. ಒದ್ದೆ ಸ್ಪಂಜು ಎತ್ತಿ ಹಿಡಿದರೆ ಅಡಿಭಾಗದಲ್ಲಿ ಒಂದಿಷ್ಟು ನೀರು ಉಳಿಯುತ್ತದಲ್ಲ, ಹಾಗೆ ಮರಳಿನ ಸಣ್ಣ ಸಂದುಗಳು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿತ ಮೀರಿದ್ದು ಮಾತ್ರ ಜಲ್ಲಿಗೆ ಸುರಿದು ಪೈಪು ಸೇರುತ್ತದೆ. ಹಾಗಾಗಿ ಚಿಕ್ಕಮಗಳೂರಿನ ಜುಲೈ ಮಳೆಗೆ ಕೊಳೆಯದ ಹುಲ್ಲು ಮಾರ್ಚ್ ಬಿಸಿಲಿಗೂ ಒಮ್ಮೆಲೇ ಒಣಗುವುದಿಲ್ಲ.

ಕೆಡುವುದು ಹೆಚ್ಚಾಗಿ ದುರಸ್ತಿಯಲ್ಲೇ. ಗುಂಡಿ ಮುಚ್ಚಲು ಒಂದು ಬಾಂಡ್ಲಿ ತೋಟದ ಕೆಂಪು ಮಣ್ಣು ಸುರಿದರೆ ಸಾಕು, ಜೇಡಿ ಸಂದುಗಳಲ್ಲಿ ಕೂತು ಅಲ್ಲೇ ನೀರು ನಿಂತು ಪಾಚಿ ಕಟ್ಟುತ್ತದೆ. ಮೊದಲು ಹಾಕಿದ ಅದೇ ಮರಳನ್ನೇ ಹಾಕಬೇಕು. ಆಗಾಗ ಟೊಳ್ಳು ಮೊಳೆಯಿಂದ ಚುಚ್ಚಿ, ಆ ತೂತುಗಳಿಗೂ ಮರಳು ತುಂಬಬೇಕು.

ಇಡೀ ಮೈದಾನಕ್ಕೆ ಹೀಗೆ ಮಾಡಲು ಸಾರ್ವಜನಿಕ ಮೈದಾನದ ಬಜೆಟ್ ಸಾಲದು. ಫೇರ್‌ವೇ, ಅಂದರೆ ಆಟ ಶುರುವಾಗುವ ಜಾಗದಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ, ಮಣ್ಣಿನದೇ ಆಗಿರುತ್ತದೆ, ಅಲ್ಲಿ ಚೆಂಡು ತಾನು ಬಿದ್ದ ಗುಳಿಯಲ್ಲೇ ಹೂತುಕೊಂಡರೆ ದಂಡದ ಹೊಡೆತವಿಲ್ಲದೆ ಎತ್ತಿ, ಒರೆಸಿ, ಪಕ್ಕದಲ್ಲಿ ಬಿಟ್ಟು ಆಡಲು ನಿಯಮವಿದೆ.