ಟೈಟಲ್ ಸಾಂಗ್ ಕತ್ತರಿಸಬೇಡಿ ಸ್ವಾಮಿ!

ಕಳೆದ ತಿಂಗಳು ಈ ಅಂಕಣದಲ್ಲಿ ನಾನೇ ನಿಮಗೊಂದು ಪ್ರಶ್ನೆ ಹಾಕಿದ್ದೆ: ಯಾವ ಹಳೇ ಧಾರಾವಾಹಿ ಟೀವಿಯಲ್ಲಿ ಮತ್ತೆ ಬರಬೇಕು? ಕೇಳಿದ್ದೇ ತಪ್ಪಾಯ್ತೇನೋ. ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಸೇರಿ ರಾಶಿ ಬಿದ್ದಿದೆ. ಉತ್ತರ ಕಳಿಸಿ ಅಂದರೆ ಎಲ್ಲರೂ ಜೊತೆಗೊಂದು ಪ್ರಶ್ನೆಯನ್ನೂ ಕಳಿಸಿದ್ದಾರೆ. ಒಳ್ಳೇದೇ ಆಯ್ತು, ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಸುಮಾರು ಜನ ಬರೆದಿದ್ದರಿಂದ ಊರಷ್ಟೇ ಹಾಕಿದ್ದೇನೆ.

‘ಮಾಲ್ಗುಡಿ ಡೇಸ್’ ಮತ್ತೆ ಬರಲಿ ಅಂದರೆ ನನ್ನ ಮಗ ನಗುತ್ತಾನೆ. ಯೂಟ್ಯೂಬಲ್ಲೇ ಇದೆಯಲ್ಲಪ್ಪ ಅಂತಾನೆ. ಮೊಬೈಲಲ್ಲಿ ಇರುವುದನ್ನು ಟೀವಿಯಲ್ಲಿ ಹಾಕಿ ಅನ್ನುವುದು ದಡ್ಡತನವೇ? (ನಿವೃತ್ತ ಮೇಷ್ಟ್ರು, ಸಾಗರ)

ದಡ್ಡತನ ಅಲ್ಲ ಮೇಷ್ಟ್ರೇ. ಇರುವುದು ಬೇರೆ, ಬರುವುದು ಬೇರೆ. ನಿಮ್ಮ ಮನೆ ಅಟ್ಟದ ಟ್ರಂಕಿನಲ್ಲಿ ಮದುವೆ ಫೋಟೋ ಆಲ್ಬಂ ಇದೆ, ನಿಮ್ಮ ಮಗ ಎಷ್ಟು ಸಲ ತೆಗೆದು ನೋಡಿದ್ದಾನೆ ಕೇಳಿ. ಯಾರಾದರೂ ನೆಂಟರು ಬಂದಾಗ ಅದನ್ನು ಕೆಳಗಿಳಿಸಿ ಮಧ್ಯದಲ್ಲಿ ಇಟ್ಟರೆ ಮಾತ್ರ ಎಲ್ಲರೂ ಬಗ್ಗಿ ನೋಡುತ್ತಾರೆ. ಟೀವಿ ಮಾಡುವ ಕೆಲಸ ಅದು.

ಮೊನ್ನೆ ನಮ್ಮನೆಯಲ್ಲೇ ಒಂದು ಪ್ರಯೋಗ ಆಯಿತು. ತಂಗಿಯ ಮಗಳಿಗೆ ಹತ್ತು ವರ್ಷ. ಮಾಲ್ಗುಡಿಯ ಲಿಂಕ್ ಕಳಿಸಿದ್ದೆ, ಆರು ತಿಂಗಳು ಅವಳು ಮುಟ್ಟಲಿಲ್ಲ. ಭಾನುವಾರ ಊಟ ಆದ ಮೇಲೆ ದೊಡ್ಡ ಪರದೆಗೆ ಹಾಕಿ ನಾನು ಸುಮ್ನೆ ಕೂತೆ, ಬಾ ಅಂತಲೂ ಕರೆಯಲಿಲ್ಲ. ವಿಷ್ಣುವರ್ಧನ್ ಗುಮಾಸ್ತನಾಗಿ ಮಾಡಿದ ಕಂತು ಅದು, ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಕಥೆ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಅಪ್ಪ ಮಾತು ಕೊಟ್ಟಿರುತ್ತಾನೆ. ಮಗು ಸಿಂಗರಿಸಿಕೊಂಡು ಕಾಯುತ್ತದೆ, ಆಫೀಸಿನಲ್ಲಿ ಸಾಹೇಬ ಬಿಡುವುದಿಲ್ಲ, ಅಪ್ಪ ಬರುವಾಗ ಮಗು ಮಲಗಿಬಿಟ್ಟಿರುತ್ತದೆ. ನಮ್ಮ ಹುಡುಗಿ ಯಾವಾಗ ಬಂದು ಸೋಫಾದ ತುದಿಯಲ್ಲಿ ಕೂತಳೋ ಗೊತ್ತಾಗಲಿಲ್ಲ. ಮುಗಿದ ಮೇಲೆ ಅವಳ ಅಪ್ಪನಿಗೆ ಫೋನ್ ಮಾಡಿ ‘ಇವತ್ತು ಎಷ್ಟು ಗಂಟೆಗೆ ಬರ್ತೀಯಾ’ ಅಂತ ಕೇಳಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ ಪಾಪ.

ಇನ್ನೊಂದು ಮಾತು. 1986–87ರಲ್ಲಿ ಶಂಕರ್ ನಾಗ್ ಇದನ್ನು ಆಗುಂಬೆಯಲ್ಲಿ ತೆಗೆದರು. ಕಥೆಯ ಹುಡುಗ ಸ್ವಾಮಿಯಾಗಿ ನಮ್ಮ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಳೆ ನಮ್ಮದು, ಮನೆ ನಮ್ಮದು, ಜಗಲಿ ನಮ್ಮದು, ಮಾತು ಮಾತ್ರ ಹಿಂದಿ, ಇಂಗ್ಲಿಷು. ಆಗ ಹಿಂದಿ ಬಾರದ ನಮ್ಮಜ್ಜಿಗೂ ಅದು ಅರ್ಥವಾಗುತ್ತಿತ್ತು, ಅದು ಬೇರೆ ವಿಷಯ. ಆದರೂ ಮತ್ತೆ ಹಾಕುವುದಾದರೆ ಕನ್ನಡದ ಮಾತಿನಲ್ಲಿ, ದಿನವೂ ಒಂದೇ ಹೊತ್ತಿಗೆ ಹಾಕಲಿ. ಶುರುವಿನಲ್ಲಿ ಬರುವ ಎಲ್. ವೈದ್ಯನಾಥನ್ ಅವರ ಆ ‘ತಾನನ ತಾನನ’ ರಾಗ, ಆರ್.ಕೆ. ಲಕ್ಷ್ಮಣ್ ಗೆರೆಗಳು, ಅಷ್ಟನ್ನೂ ಬಿಡದೆ ಹಾಕಲಿ. ‘ಸ್ಕಿಪ್ ಇಂಟ್ರೊ’ ಬಟನ್ ಕಂಡುಹಿಡಿದ ಪುಣ್ಯಾತ್ಮ ಮಾಲ್ಗುಡಿ ನೋಡಿರಲಿಕ್ಕಿಲ್ಲ.

‘ಪಾಪ ಪಾಂಡು’ ಕಾಮಿಡಿ ಧಾರಾವಾಹಿಯ ಪಾಂಡು ಅಷ್ಟೊಂದು ಪಾಪ ಯಾಕೆ? (ತುಮಕೂರು)

ಮದುವೆಯಾಗಿತ್ತಲ್ಲ. (ನಮ್ಮನೆಯಾಕೆಯೂ ಈ ಅಂಕಣ ಓದುತ್ತಾಳೆ, ಆದ್ದರಿಂದ ಇಷ್ಟೇ.)

‘ಗುಡ್ಡದ ಭೂತ’ ಅಂದರೆ ಈಗಲೂ ನನಗೆ ಮೈ ಜುಂ ಅನ್ನುತ್ತೆ. ಆದರೆ ಈಗಿನ ಮಕ್ಕಳಿಗೆ ತೋರಿಸಿದರೆ ನಕ್ಕುಬಿಡುತ್ತಾರೇನೋ ಅಂತ ಭಯ. (ಉಡುಪಿ)

ಭೂತಕ್ಕಿಂತ ಮಕ್ಕಳ ನಗುವಿಗೆ ಹೆದರುವ ಕಾಲ ಬಂತು ನೋಡಿ! ಸದಾನಂದ ಸುವರ್ಣರು ಅದನ್ನು ತೆಗೆದಾಗ ಅವರ ಬಳಿ ಗ್ರಾಫಿಕ್ಸ್ ಇರಲಿಲ್ಲ. ಕತ್ತಲೆ ಇತ್ತು, ಕರಾವಳಿಯ ಮಳೆ ಇತ್ತು, ‘ದೆನ್ನ ದೆನ್ನಾನ’ ಹಾಡಿತ್ತು, ಆಗಿನ್ನೂ ಅಷ್ಟೇನೂ ಹೆಸರಾಗಿರದ ಪ್ರಕಾಶ್ ರೈ ಇದ್ದರು. ಅಷ್ಟೇ ಸಾಕಾಯ್ತು. ನಮ್ಮ ಊರಿನಲ್ಲಿ ಇಡೀ ಕೇರಿಗೆ ಒಂದೇ ಟೀವಿ. ಮುಗಿದ ಮೇಲೆ ಮನೆಗೆ ಹೋಗಲು ಅಡಿಕೆ ತೋಟ ದಾಟಬೇಕು. ನಾವು ನಾಲ್ಕು ಜನ ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ಹೋಗುತ್ತಿದ್ದೆವು, ಹಿಂದಿನವನು ಯಾರು ಅನ್ನುವುದಕ್ಕೆ ದಿನವೂ ಜಗಳ.

2015ರಲ್ಲಿ ‘ರಂಗಿತರಂಗ’ ಸಿನಿಮಾದಲ್ಲಿ ಆ ಹಾಡು ಕೇಳಿದಾಗ ಥಿಯೇಟರಿನಲ್ಲಿ ಎರಡು ಥರದ ಜನ ಇದ್ದರು. ಒಂದು, ಹಾಡು ಚೆನ್ನಾಗಿದೆ ಅಂದುಕೊಂಡವರು. ಇನ್ನೊಂದು, ಥಟ್ಟನೆ ಪಕ್ಕದವರ ಕೈ ಹಿಡಿದವರು. ಮಕ್ಕಳು ನಗಲಿ ಬಿಡಿ, ಮೊದಲ ಕಂತಿಗೆ ನಗುತ್ತಾರೆ. ಲೈಟ್ ಆರಿಸಿ ತೋರಿಸಿ. ಮೂರನೇ ಕಂತಿನ ಹೊತ್ತಿಗೆ ಬಚ್ಚಲಿಗೆ ಒಬ್ಬರೇ ಹೋಗುತ್ತಾರಾ ನೋಡಿ, ನನಗೆ ಬರೆದು ತಿಳಿಸಿ.

ಒಳ್ಳೆಯ ಧಾರಾವಾಹಿ ಇದ್ದರೂ ಚಾನೆಲ್‌ಗಳು ಯಾಕೆ ಮತ್ತೆ ಹಾಕುವುದಿಲ್ಲ? ಹೊಸದು ತೆಗೆಯುವ ಖರ್ಚು ಉಳಿಯುತ್ತೆ ಅಲ್ವಾ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಹೊರಗಿನಿಂದ ಹಾಗೇ ಕಾಣುತ್ತೆ. ಬೀರುವಿನಿಂದ ತೆಗೆ, ಹಾಕು, ಮುಗೀತು ಅಂತ. ಆದರೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಮೊದಲ ಸಮಸ್ಯೆ.

ದೂರದರ್ಶನದ ಕಾಲದಲ್ಲಿ ಪ್ರಾಯೋಜಿತ ಧಾರಾವಾಹಿ ಅಂದರೆ ನಿರ್ಮಾಪಕ ತಾನೇ ದುಡ್ಡು ಹಾಕಿ ತೆಗೆದು, ಪ್ರಸಾರಕ್ಕೆ ಶುಲ್ಕವನ್ನೂ ಕಟ್ಟಿ, ಸಿಕ್ಕ ಜಾಹೀರಾತಿನ ಸಮಯ ಮಾರಿ ಗಿಟ್ಟಿಸಿಕೊಳ್ಳಬೇಕಿತ್ತು. ಹಾಗಾಗಿ ಹಕ್ಕು ಸಾಮಾನ್ಯವಾಗಿ ಅವನದು, ದೂರದರ್ಶನದ್ದಲ್ಲ. ದೂರದರ್ಶನವೇ ದುಡ್ಡು ಕೊಟ್ಟು ಮಾಡಿಸಿದ್ದರೆ ಅದು ದೂರದರ್ಶನದ್ದು. ಈಗ ಮೂವತ್ತೈದು ವರ್ಷ ಆದ ಮೇಲೆ ಆ ನಿರ್ಮಾಪಕ ಇರುವುದಿಲ್ಲ, ಸಂಸ್ಥೆ ಮುಚ್ಚಿರುತ್ತೆ, ಒಬ್ಬ ಮಗ ಅಮೆರಿಕದಲ್ಲಿ, ಇನ್ನೊಬ್ಬನಿಗೆ ಅಪ್ಪ ಧಾರಾವಾಹಿ ತೆಗೆದಿದ್ದೇ ಗೊತ್ತಿರುವುದಿಲ್ಲ. ಸಹಿ ಯಾರು ಹಾಕುತ್ತಾರೆ?

ಸಹಿ ಸಿಕ್ಕಿತು ಅಂದುಕೊಳ್ಳಿ. ಟೇಪ್ ಎಲ್ಲಿ? ಆಗ ಯು-ಮ್ಯಾಟಿಕ್ ಅಂತ ದಪ್ಪ ಪುಸ್ತಕದಷ್ಟು ದೊಡ್ಡ ಕ್ಯಾಸೆಟ್ ಬರುತ್ತಿತ್ತು. ದುಬಾರಿ. ಹಳೆಯದರ ಮೇಲೇ ಹೊಸದನ್ನು ರೆಕಾರ್ಡ್ ಮಾಡುವುದು ಎಷ್ಟೋ ದೇಶಗಳಲ್ಲಿ ಮಾಮೂಲು. ಬಿಬಿಸಿಯಂಥ ಬಿಬಿಸಿಯೇ ತನ್ನ ಹೆಸರಾಂತ ಧಾರಾವಾಹಿ ‘ಡಾಕ್ಟರ್ ಹೂ’ನ ಎಷ್ಟೋ ಕಂತುಗಳನ್ನು ಹೀಗೆ ಕಳೆದುಕೊಂಡು ಈಗಲೂ ಹುಡುಕುತ್ತಿದೆ. ಉಳಿದ ಟೇಪಿಗೆ ನಮ್ಮ ಮಳೆಗಾಲದ ಬೂಸ್ಟು. ಬೂಸ್ಟು ಒರೆಸಿದರೂ ಅದನ್ನು ಓಡಿಸುವ ಯಂತ್ರ ಸಿಗಬೇಕು, ಯಂತ್ರ ರಿಪೇರಿ ಗೊತ್ತಿರುವ ಮನುಷ್ಯ ಸಿಗಬೇಕು.

ಅದೂ ಆಯ್ತು. ಹಾಡುಗಳ ಮಾತು ಬರುತ್ತೆ. ಆಗಿನ ಕಾಮಿಡಿ ಧಾರಾವಾಹಿಗಳಲ್ಲಿ ಹಿನ್ನೆಲೆಗೆ ಸಿನಿಮಾ ಹಾಡಿನ ತುಂಡುಗಳನ್ನು ಧಾರಾಳವಾಗಿ ಹಾಕುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದುಪಡಿಯಾಗಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. ಅದು ನ್ಯಾಯವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಮರುಪ್ರಸಾರ ಮಾಡುವವರು ದುಡ್ಡು ಕೊಡುವ ಬದಲು ಕತ್ತರಿ ಹಿಡಿಯುತ್ತಾರೆ. ಹಾಡು ಹೋಯ್ತು, ಟೈಟಲ್ ಅರ್ಧ ಹೋಯ್ತು, ಕೊನೆಯಲ್ಲಿ ಕಲಾವಿದರ ಹೆಸರು ಓಡುವುದಂತೂ ಯಾವತ್ತೋ ಹೋಯ್ತು. ಮೇಲಿಂದ ಹಳೇ ಚೌಕದ ಚಿತ್ರವನ್ನು ಅಗಲದ ಪರದೆಗೆ ಎಳೆದು ಹಾಕುತ್ತಾರೆ, ಸಣಕಲು ನಾಯಕಿ ಹಲಸಿನಕಾಯಿ ಥರ ಕಾಣುತ್ತಾಳೆ. ಎರಡು ಪಕ್ಕ ಕಪ್ಪು ಪಟ್ಟಿ ಬಿಟ್ಟರೆ ಜನ ಟೀವಿ ಕೆಟ್ಟಿದೆ ಅಂದುಕೊಳ್ಳುತ್ತಾರಂತೆ. ಯಾರೂ ಅಂದುಕೊಳ್ಳುವುದಿಲ್ಲ. ಪೂರ್ತಿ ಹಾಕಿ, ಇದ್ದ ಹಾಗೆ ಹಾಕಿ, ಇಲ್ಲದಿದ್ದರೆ ಬಿಡಿ.

ಹೊತ್ತಿನ ವಿಷಯ ಹೇಳಲೇ ಇಲ್ಲ. ಇಷ್ಟೆಲ್ಲಾ ದಾಟಿ ಬಂದ ಧಾರಾವಾಹಿಗೆ ಕೊಡುವ ಸಮಯ ರಾತ್ರಿ ಒಂದೂವರೆ. ಆಮೇಲೆ ‘ನೋಡಿ, ಯಾರೂ ನೋಡಲಿಲ್ಲ’ ಅಂತಾರೆ.

ರಾಮಾಯಣ ಬಂತಲ್ಲ ಮತ್ತೆ? ಅದಕ್ಕೆ ಮಾತ್ರ ದಾರಿ ಹೇಗೆ ಸಿಕ್ಕಿತು? (ಹಾಸನ)

ದಾರಿ ಎಲ್ಲಾ ಬಂದ್ ಆಗಿದ್ದಕ್ಕೇ ಸಿಕ್ಕಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್, 28ಕ್ಕೆ ರಮಾನಂದ ಸಾಗರರ ರಾಮಾಯಣ ಡಿಡಿಯಲ್ಲಿ ಶುರು. ಏಪ್ರಿಲ್ 16ರ ಒಂದು ಕಂತನ್ನು 7.7 ಕೋಟಿ ಜನ ನೋಡಿದರು ಅಂತ ದೂರದರ್ಶನವೇ ಹೇಳಿಕೊಂಡಿತು. 1987ರ ಧಾರಾವಾಹಿ ಅದು! ಅದೇ ಬಿಸಿಯಲ್ಲಿ ಡಿಡಿ ರೆಟ್ರೋ ಅಂತ ಚಾನೆಲ್ಲೇ ತೆರೆದರು. ನಮ್ಮ ಖಾಸಗಿ ಚಾನೆಲ್‌ಗಳೂ ಶೂಟಿಂಗ್ ಇಲ್ಲದೆ ಹಳೇದನ್ನೆಲ್ಲಾ ಕೆದಕಿದವು, ಶೂಟಿಂಗ್ ಶುರುವಾದ ತಕ್ಷಣ ಬೀರು ಮತ್ತೆ ಮುಚ್ಚಿದವು. ಹಳೇ ಧಾರಾವಾಹಿ ಅಂದರೆ ನಮಗೆ ಅಡುಗೆಯವನು ರಜೆ ಹಾಕಿದ ದಿನದ ಉಪ್ಪಿಟ್ಟು.

ಗೃಹಭಂಗ, ಮೂಡಲ ಮನೆ. ಎರಡರಲ್ಲಿ ಒಂದು ಮಾತ್ರ ಅಂದ್ರ ಯಾವುದು? (ಧಾರವಾಡ)

ಧಾರವಾಡದವರಿಗೆ ‘ಗೃಹಭಂಗ’ ಅಂದರೆ ಪೇಡಾ ಕೊಡುವುದಿಲ್ಲ, ಗೊತ್ತು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ಯಲ್ಲಿ ನಿಮ್ಮ ಮಾತು ನಿಮ್ಮ ಮಾತಾಗೇ ಇತ್ತು, ಸುಮ್ನೆ ನಗಿಸಲಿಕ್ಕೆ ಇಟ್ಟಿದ್ದಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಆಗ ಮಕ್ಕಳು ‘ಹೌದ್ರೀ’, ‘ಯಾಕ್ರೀ’ ಅನ್ನತೊಡಗಿದ್ದು ನನಗೆ ನೆನಪಿದೆ.

ಆದರೂ ನನ್ನ ಓಟು ‘ಗೃಹಭಂಗ’ಕ್ಕೆ. ಭೈರಪ್ಪನವರ ಕಾದಂಬರಿ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಕೈಲಾಗದ ಗಂಡ, ಬಾಯಿ ತೆರೆದರೆ ಬೈಗುಳವೇ ಬರುವ ಅತ್ತೆ, ಇವರ ಮಧ್ಯೆ ಕೂತು ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಲೇಖನಿ, ಗೆರೆ ಎಳೆದ ಹಾಳೆ, ಪಕ್ಕದಲ್ಲಿ ಮಲಗಿದ ಮಗು. ಇವತ್ತಿನ ಧಾರಾವಾಹಿಯಲ್ಲಿ ಹೆಂಗಸರು ಇಡೀ ದಿನ ಆಭರಣ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿರುತ್ತಾರೆ, ಕೆಲಸ ಅಂತ ಮಾಡುವುದು ಕಾಣುವುದೇ ಇಲ್ಲ. ಇನ್ನು ಆ ಕಥೆಯಲ್ಲಿ ಪ್ಲೇಗ್ ಬರುತ್ತೆ, ಊರಿಗೆ ಊರೇ ಮನೆ ಬಿಟ್ಟು ಹೊರಗೆ ಶೆಡ್ ಹಾಕಿಕೊಳ್ಳುತ್ತೆ. ಲಾಕ್‌ಡೌನ್‌ನಲ್ಲಿ ಕೂತು ಅದನ್ನು ನೋಡಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ನಿಮ್ಮಂಥವರಿಗೆ ಹಳೇದೆಲ್ಲಾ ಚಿನ್ನ. ಆಗಲೂ ಕಸ ಇರಲಿಲ್ವಾ? (ಕಾಲೇಜು ವಿದ್ಯಾರ್ಥಿನಿ, ಮಂಡ್ಯ)

ಇತ್ತು ತಾಯಿ, ಗಾಡಿಗಟ್ಟಲೆ ಇತ್ತು. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತಿತ್ತು, ನಟರು ಕೊನೇ ಸಾಲಿನ ಪ್ರೇಕ್ಷಕನಿಗೆ ಕೇಳಿಸಬೇಕು ಅನ್ನುವ ಹಾಗೆ ಕೂಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಹೊಟ್ಟೆ ಹಿಡಿದು ನಕ್ಕ ಒಂದು ಕಾಮಿಡಿಯನ್ನು ಹೋದ ವರ್ಷ ಮತ್ತೆ ನೋಡಿದೆ. ಮೈಬಣ್ಣದ ಮೇಲೆ ಜೋಕು, ದಪ್ಪಗಿದ್ದವರ ಮೇಲೆ ಜೋಕು, ಮನೆಕೆಲಸದವಳ ಮೇಲೆ ಜೋಕು. ಹತ್ತು ನಿಮಿಷಕ್ಕೆ ಆಫ್ ಮಾಡಿದೆ. ಅದರ ಹೆಸರು ಬರೆಯುವುದಿಲ್ಲ, ಯಾರಾದರೂ ಹುಡುಕಿ ನೋಡಿಬಿಟ್ಟರೆ ಕಷ್ಟ.

ಸಿಲ್ಲಿ ಲಲ್ಲಿ ನೋಡಿ ನನ್ನ ಮಗ ಕನ್ನಡ ಕಲಿಯುತ್ತಿದ್ದಾನೆ. ಇದು ಸರಿಯೇ? (ನ್ಯೂಜೆರ್ಸಿ)

ವ್ಯಾಕರಣ ಪುಸ್ತಕಕ್ಕಿಂತ ನೂರು ಪಾಲು ಸರಿ. ಅದರಲ್ಲಿ ಬರುವ ಡಾಕ್ಟರ್ ವಿಠಲ್ ರಾವ್ ಥರ ಮಾತಾಡಿದರೆ ಚಿಂತೆ ಇಲ್ಲ, ಅವರ ಥರ ವೈದ್ಯ ಮಾಡದಿದ್ದರೆ ಸಾಕು. ಸಿಹಿಕಹಿ ಚಂದ್ರು ಅವರ ಧಾರಾವಾಹಿಗಳಲ್ಲಿ ಜನ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಾಯಿ ಹಾಕುತ್ತಾರೆ, ನಮ್ಮ ಮನೆಗಳ ಹಾಗೇ. ಭಾಷೆ ಬರುವುದು ಹಾಗೆ. ಅಂದ ಹಾಗೆ ಆ ‘ಸಿಹಿಕಹಿ’ ಅನ್ನುವುದು ಮನೆತನದ ಹೆಸರಲ್ಲ, 80ರ ದಶಕದ ‘ಸಿಹಿ ಕಹಿ’ ಧಾರಾವಾಹಿಯಿಂದ ಅಂಟಿಕೊಂಡದ್ದು. ಅದು ಮತ್ತೆ ಬಂದರೆ ನಿಮ್ಮ ಮಗನಿಗಿಂತ ಮುಂಚೆ ನಾನು ಟೀವಿ ಮುಂದೆ ಇರುತ್ತೇನೆ.

1998ರ ‘ಮಾಯಾಮೃಗ’ ಬಿಟ್ಟು 2022ರಲ್ಲಿ ‘ಮತ್ತೆ ಮಾಯಾಮೃಗ’ ಮಾಡಿದ್ದು ಸರಿಯಾ? (ಮೈಸೂರು)

ನಿರ್ದೇಶಕ ಟಿ.ಎನ್. ಸೀತಾರಾಮ್ ಅವರು ಮಾಡಿದರೆ ನಾನು ನೋಡುತ್ತೇನೆ, ನೋಡಿದೆ. ಆದರೆ ಸಿರಿ ಕನ್ನಡ ಚಾನೆಲ್‌ನಲ್ಲಿ ಅದು ಶುರುವಾಗುವ ಮುಂಚೆ ಹಳೆಯದನ್ನು ಮೊದಲಿನಿಂದ ಟೀವಿಯಲ್ಲೇ ತೋರಿಸಿದ್ದರೆ ಹೊಸಬರಿಗೂ ಆ ಮನೆಯವರ ಪರಿಚಯ ಆಗುತ್ತಿತ್ತು. ಅಜ್ಜನನ್ನು ನೋಡದೆ ಮೊಮ್ಮಗನ ಮೂಗು ಅಜ್ಜನ ಹಾಗಿದೆ ಅಂದರೆ ಏನು ಪ್ರಯೋಜನ?

ಈಗಿನ ಧಾರಾವಾಹಿಗಳು 30 ವರ್ಷ ಆದ ಮೇಲೆ ಮರುಪ್ರಸಾರ ಆಗುತ್ತವಾ? (ದಾವಣಗೆರೆ)

ಮೊದಲು ಮುಗಿಯಲಿ.

ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ವೀಡಿಯೊ ಕ್ಯಾಸೆಟ್ ಸಿಕ್ಕಿತು. ಚೀಟಿ ಹರಿದಿದೆ, ‘ಗುಡ್ಡದ’ ಅಂತ ಮಾತ್ರ ಓದಲು ಬರುತ್ತೆ, ಕೆಳಗೆ ‘ಯಾರೂ ಅಳಿಸಬಾರದು’ ಅಂತಿದೆ. ಏನು ಮಾಡಲಿ? (ಪುತ್ತೂರು)

ಮೊದಲನೆಯದಾಗಿ, ಎಸೆಯಬೇಡಿ. ಎರಡನೆಯದಾಗಿ, ಯಾರದ್ದೋ ಮನೆಯ ಹಳೇ ಪ್ಲೇಯರಿಗೆ ತುರುಕಿ ‘ಓಡುತ್ತಾ ನೋಡೋಣ’ ಅನ್ನಬೇಡಿ. ಕಿಟಕಿಯಂಥ ಗಾಜಿನ ಒಳಗೆ ಟೇಪಿನ ಸುರುಳಿ ಕಾಣುತ್ತಲ್ಲ, ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯ ಥರ ಕಂಡರೆ ಅದು ಬೂಸ್ಟು, ಶುಚಿ ಮಾಡದೆ ಓಡಿಸಿದರೆ ಟೇಪೂ ಹರಿಯುತ್ತೆ, ಯಂತ್ರವೂ ಹಾಳು. ಒಣ ಜಾಗದಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಸ್ಪೀಕರ್, ಮ್ಯಾಗ್ನೆಟ್ ಹತ್ತಿರ ಬೇಡ. ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಕೊಡುವವರು ಈಗಲೂ ದೊಡ್ಡ ಊರುಗಳಲ್ಲಿ ಇದ್ದಾರೆ. ಮೊದಲ ಸಲ ಓಡಿಸುವಾಗಲೇ ರೆಕಾರ್ಡ್ ಆಗಲಿ ಅಂತ ಹೇಳಿ, ಎರಡನೇ ಸಲ ಓಡುವ ಗ್ಯಾರಂಟಿ ಇರುವುದಿಲ್ಲ. ಮಧ್ಯದ ಜಾಹೀರಾತು, ‘ಅಡಚಣೆಗಾಗಿ ಕ್ಷಮಿಸಿ’, ಕರೆಂಟ್ ಹೋಗಿ ಬಂದ ಜಾಗದ ಗೀರು, ಏನೂ ಕತ್ತರಿಸಬೇಡಿ ಅಂತಲೂ ಹೇಳಿ.

ಒಳಗೆ ಬರೀ ಗುಡ್ಡ ಇದ್ದರೂ ಸರಿ, ಭೂತ ಇದ್ದರಂತೂ ಮೊದಲ ಫೋನ್ ನನಗೇ ಬರಬೇಕು.