ದುಬಾರಿ ಪ್ರೊಸೆಸರ್ ಬೇಡ, ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ
1080ಪಿ (ಫುಲ್ ಎಚ್‌ಡಿ ಪರದೆ) ಗೇಮಿಂಗ್‌ಗೆ ದುಬಾರಿ ರೈಜನ್ 7 ಪ್ರೊಸೆಸರ್ ತಗೊಂಡು ಗ್ರಾಫಿಕ್ಸ್ ಕಾರ್ಡಿನಲ್ಲಿ ಉಳಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಉಲ್ಟಾ ಮಾಡಿ. ರೈಜನ್ 5 5600 ಸಾಕು, 6 ಕೋರ್ ಇದೆ, ಉಳಿದ ದುಡ್ಡು ಕಾರ್ಡಿಗೆ ಹೋಗಲಿ, ಯಾಕಂದ್ರೆ ಹೆಚ್ಚಿನ ಗೇಮ್‌ಗಳಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನೋದು) ಜಾಸ್ತಿ ಕಾರ್ಡಿನ ಮೇಲೇ ನಿಂತಿರುತ್ತದೆ, ಅದರಲ್ಲೂ 8 ಜಿಬಿಗಿಂತ ಕಡಿಮೆ ಮೆಮೊರಿಯ ಕಾರ್ಡ್ ತಗೋಬೇಡಿ, ಹೊಸ ಗೇಮ್‌ಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸಬೇಕಾಗುತ್ತದೆ. ರ‍್ಯಾಮ್ 8 ಜಿಬಿಯ ಎರಡು ಸ್ಟಿಕ್ ಹಾಕಿ, 16ರ ಒಂದೇ ಸ್ಟಿಕ್ ಬೇಡ. ಎರಡಿದ್ದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡಿ ಮೆಮೊರಿ ವೇಗ ಹೆಚ್ಚುತ್ತದೆ.

ಪವರ್ ಸಪ್ಲೈನಲ್ಲಿ ಮಾತ್ರ ಉಳಿಸಬೇಡಿ! ಕಳಪೆಯದು ಕೆಟ್ಟರೆ ಬೇರೆ ಪಾರ್ಟ್‌ಗಳನ್ನೂ ಸುಡಬಹುದು. ಲೈಟ್ ಮಿನುಗುವ ಕ್ಯಾಬಿನೆಟ್ ಸುಮ್ನೆ ಖರ್ಚು, ಮುಂದೆ ಜಾಲರಿ ಇದ್ದು ಗಾಳಿ ಆಡಿದರೆ ಸಾಕು. ಬಿ550 ಮದರ್‌ಬೋರ್ಡ್ ತಗೊಂಡರೆ ಮುಂದೆ ಅದರಲ್ಲೇ ಗೇಮಿಂಗ್‌ಗೆ ಇನ್ನೂ ವೇಗದ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಸಿಕ್ಕರೆ ಕೂರಿಸಬಹುದು.